ಓದುಗರ ಪ್ರಶ್ನೆ, ವೈದ್ಯರ ಉತ್ತರ: ಕೂಸಿನ ಹಣೆಯ ಬೆವರು, ಮಗಳ ಕೀಲುನೋವು, ಸಂಜೆಯ ‘ಗ್ಯಾಸ್’

ಹೃದಯರೋಗದ ಬಗ್ಗೆ ಪ್ರಶ್ನೆ ಕಳುಹಿಸಬಹುದೆಂದು ಈ ಅಂಕಣದಲ್ಲಿ ಕೇಳಿಕೊಂಡಿದ್ದಕ್ಕೆ ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿ ಕಡೆಯಿಂದ ಬಂದ ಪತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದೆ. ಬಹುತೇಕ ಪತ್ರಗಳಲ್ಲಿ ಕಾಯಿಲೆಗೆ ಮನೆಯಲ್ಲಿಯೇ ಒಂದು ಹೆಸರು ಇಟ್ಟಾಗಿತ್ತು. ಕೂಸು ಸೊರಗಿದರೆ ‘ದೃಷ್ಟಿ ತಾಗಿದೆ’, ಕೀಲು ಬಾತರೆ ‘ವಾತ’, ಎದೆ ನೊಂದರೆ ‘ಗ್ಯಾಸ್’. ಹೆಸರು ಸಿಕ್ಕ ಕೂಡಲೇ ಮನಸ್ಸಿಗೆ ಸಮಾಧಾನವಾಗುತ್ತದೆ, ಪರೀಕ್ಷೆ ಮುಂದಕ್ಕೆ ಹೋಗುತ್ತದೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು, ಪ್ರಶ್ನೆಗಳನ್ನು ಸ್ವಲ್ಪ ಸಂಕ್ಷೇಪಿಸಿ, ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ ಐದು ತಿಂಗಳು. ಹುಟ್ಟಿದಾಗ 2.7 ಕೆ.ಜಿ. ಇದ್ದವನು ಈಗ 4.2 ಕೆ.ಜಿ. ಇದ್ದಾನೆ. ಎರಡು ಗುಟುಕು ಹಾಲು ಕುಡಿದು ಬಿಡುತ್ತಾನೆ, ಮತ್ತೆ ಅಳುತ್ತಾನೆ. ಹುಟ್ಟಿದಾಗ ನೋಡಿದ ವೈದ್ಯರು ಏನೂ ಇಲ್ಲವೆಂದಿದ್ದರು. ಈಗ ಲಸಿಕೆ ಹಾಕಿಸಲು ಹೋದಾಗ ಎದೆಯಲ್ಲಿ ಸದ್ದು ಕೇಳುತ್ತಿದೆ, ಎಕೋ ಮಾಡಿಸಿ ಎಂದರು. ಹೃದಯದ ತೂತು ಬೆಳೆಯುತ್ತ ತಾನೇ ಮುಚ್ಚಿಕೊಳ್ಳುತ್ತದೆ ಎಂದು ಅತ್ತೆಯವರು ಹೇಳುತ್ತಾರೆ. ನನ್ನ ಮದುವೆ ಸೋದರಮಾವನ ಜೊತೆ ಆಗಿದೆ, ಅದೇ ಕಾರಣವೇ?
— ಒಬ್ಬ ತಾಯಿ, ಶಿರಹಟ್ಟಿ ತಾಲ್ಲೂಕು

ಉತ್ತರ: ತಾಯಿ, ಎಕೋ, ಅಂದರೆ ಶಬ್ದದ ಅಲೆಗಳಿಂದ ಹೃದಯದ ಚಿತ್ರ ತೆಗೆಯುವ ಪರೀಕ್ಷೆಯನ್ನು, ಈ ವಾರವೇ ಮಾಡಿಸಿರಿ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಎದೆಯ ಸದ್ದಲ್ಲ, ತೂಕ. ಆರೋಗ್ಯವಾಗಿರುವ ಕೂಸು ಐದು ತಿಂಗಳ ಹೊತ್ತಿಗೆ ಹುಟ್ಟಿದಾಗಿನ ತೂಕದ ಎರಡರಷ್ಟು ಆಗಬೇಕು. ನಿಮ್ಮ ಮಗ ಅದಕ್ಕಿಂತ ಒಂದು ಕಿಲೋಗಿಂತಲೂ ಹೆಚ್ಚು ಹಿಂದೆ ಉಳಿದಿದ್ದಾನೆ. ಹಸುಗೂಸಿಗೆ ಹಾಲು ಕುಡಿಯುವುದೇ ಮೆಟ್ಟಿಲು ಹತ್ತಿದಷ್ಟು ಶ್ರಮದ ಕೆಲಸ. ದೊಡ್ಡವರಿಗೆ ಮೆಟ್ಟಿಲು ಹತ್ತುವಾಗ ತೇಕು ಬಂದರೆ ಹೃದಯವನ್ನು ಅನುಮಾನಿಸುವ ನಾವು, ಕೂಸು ಹಾಲು ಬಿಟ್ಟು ಬಿಟ್ಟು ಕುಡಿದರೆ ‘ಹಟ ಮಾಡುತ್ತದೆ’ ಎನ್ನುತ್ತೇವೆ.

ಇಂದು ರಾತ್ರಿ ಹಾಲು ಕುಡಿಸುವಾಗ ಹಣೆಯನ್ನೂ ಮೇಲ್ದುಟಿಯ ಮೇಲನ್ನೂ ಬೆರಳಿನಿಂದ ಮುಟ್ಟಿ ನೋಡಿರಿ. ಫ್ಯಾನು ತಿರುಗುತ್ತಿದ್ದರೂ ಅಲ್ಲಿ ತಣ್ಣಗಿನ ಬೆವರು ಇದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿರಿ. ಆಮೇಲೆ ಕೂಸು ಮಲಗಿದಾಗ ಅಂಗಿ ಎತ್ತಿ, ಗಡಿಯಾರವನ್ನು ಎದುರಿಗೆ ಇಟ್ಟುಕೊಂಡು, ಪೂರಾ ಒಂದು ನಿಮಿಷ ಉಸಿರನ್ನು ಎಣಿಸಿರಿ. ಎರಡು ತಿಂಗಳು ತುಂಬಿದ, ಒಂದು ವರ್ಷದೊಳಗಿನ ಮಗುವಿನಲ್ಲಿ ಅದು 50 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೇಗದ ಉಸಿರಾಟ ಎಂದರ್ಥ. ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ ಅಥವಾ ತುಟಿ, ನಾಲಿಗೆ ನೀಲಿಗಟ್ಟಿದರೆ ಬೆಳಗಾಗುವುದನ್ನು ಕಾಯಬಾರದು.

ಹುಟ್ಟಿದಾಗ ಸದ್ದು ಕೇಳಿಸದೆ ಈಗ ಕೇಳಿಸಿದ್ದರಲ್ಲಿ ವೈದ್ಯರ ತಪ್ಪು ಇರಲೇಬೇಕೆಂದಿಲ್ಲ. ಹುಟ್ಟಿದ ಮೊದಲ ವಾರಗಳಲ್ಲಿ ಶ್ವಾಸಕೋಶದ ರಕ್ತನಾಳಗಳ ಒತ್ತಡ ಹೆಚ್ಚಿರುವುದರಿಂದ ಹೃದಯದ ಕೆಳಕೋಣೆಗಳ ನಡುವಿನ ರಂಧ್ರದ ಮೂಲಕ ರಕ್ತ ಅಷ್ಟಾಗಿ ಹರಿಯುವುದಿಲ್ಲ. ಆ ಒತ್ತಡ ಇಳಿದಂತೆ ಎಡಗಡೆಯ ರಕ್ತ ಬಲಗಡೆಗೆ ನುಗ್ಗಿ ಶ್ವಾಸಕೋಶವನ್ನು ತುಂಬತೊಡಗುತ್ತದೆ, ಆಗ ಸದ್ದೂ ಹುಟ್ಟುತ್ತದೆ, ತೇಕೂ ಶುರುವಾಗುತ್ತದೆ. ಸದ್ದು ಜೋರಾಗಿದ್ದರೆ ರಂಧ್ರ ದೊಡ್ಡದು ಎಂಬ ತಿಳಿವಳಿಕೆಯೂ ಸರಿಯಲ್ಲ. ಕಿರಿದಾದ ಸಂದಿಯಲ್ಲಿ ನುಗ್ಗುವ ನೀರು ಹೆಚ್ಚು ಸದ್ದು ಮಾಡುವಂತೆ ಸಣ್ಣ ರಂಧ್ರವೇ ಎಷ್ಟೋ ಸಲ ಹೆಚ್ಚು ಸದ್ದು ಮಾಡುತ್ತದೆ.

ನಿಮ್ಮ ಅತ್ತೆಯವರ ಮಾತು ಅರ್ಧ ನಿಜ. ಕೆಳಕೋಣೆಗಳ ನಡುಗೋಡೆಯ ಸ್ನಾಯುಭಾಗದಲ್ಲಿರುವ ಸಣ್ಣ ರಂಧ್ರಗಳು ಬಹಳಷ್ಟು ಮಕ್ಕಳಲ್ಲಿ ಮೊದಲ ಎರಡು ವರ್ಷಗಳಲ್ಲಿ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಆದರೆ ಹಾಲು ಕುಡಿಯಲು ಬಿಡದಷ್ಟು, ತೂಕ ಏರಲು ಬಿಡದಷ್ಟು ದೊಡ್ಡದಾದ ರಂಧ್ರ ಹಾಗೆ ಮುಚ್ಚಿಕೊಳ್ಳುತ್ತದೆಂದು ಕಾಯುವುದು ಅಪಾಯ. ವರ್ಷಗಟ್ಟಲೆ ಹೆಚ್ಚಿನ ಒತ್ತಡದಲ್ಲಿ ರಕ್ತ ಹರಿದರೆ ಶ್ವಾಸಕೋಶದ ನಾಳಗಳು ಗಡುಸಾಗುತ್ತವೆ. ಹರಿವು ತಿರುಗಿ ಮಗು ನೀಲಿಯಾಗತೊಡಗಿದ ಮೇಲೆ ರಂಧ್ರ ಮುಚ್ಚುವ ಶಸ್ತ್ರಚಿಕಿತ್ಸೆಯನ್ನೇ ಮಾಡಲಾಗುವುದಿಲ್ಲ. ‘ಈಗ ತೇಕು ಕಡಿಮೆಯಾಗಿದೆ, ಅಂದರೆ ತೂತು ಮುಚ್ಚಿದೆ’ ಎಂದು ಆರೇಳು ವರ್ಷ ಪರೀಕ್ಷೆಗೆ ಬಾರದೆ ಉಳಿದು, ಕೊನೆಗೆ ಉಗುರು ನೀಲಿಯಾಗಿದೆಯೆಂದು ಕರೆತಂದ ಹುಡುಗಿಯೊಬ್ಬಳ ಕೈಯನ್ನು ಹಿಡಿದು ನೋಡಿದ ದಿನ ನನಗೆ ಇಂದಿಗೂ ನೆನಪಿದೆ. ಆಕೆಯ ತಂದೆಗೆ ಹೇಳಲು ನನ್ನ ಬಳಿ ಮಾತು ಇರಲಿಲ್ಲ. ಆಕೆಯ ತೇಕು ಕಡಿಮೆಯಾದದ್ದು ರಂಧ್ರ ಮುಚ್ಚಿದ್ದರಿಂದಲ್ಲ, ನಾಳಗಳು ಗಡುಸಾದ್ದರಿಂದ.

ದೊಡ್ಡ ರಂಧ್ರವೆಂದು ಎಕೋದಲ್ಲಿ ಖಚಿತವಾದರೆ ಮೊದಲು ಔಷಧಿಯಿಂದ ಶ್ವಾಸಕೋಶದ ಭಾರ ಇಳಿಸಿ, ಆಹಾರದಿಂದ ತೂಕ ಏರಿಸಲು ನೋಡುತ್ತಾರೆ. ಅದಕ್ಕೂ ಮಣಿಯದಿದ್ದರೆ ಸಾಮಾನ್ಯವಾಗಿ ಒಂದು ವರ್ಷದೊಳಗೇ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಕೂಸು ಸಣ್ಣದಿದೆ, ಬೆಳೆದ ಮೇಲೆ ಮಾಡಿಸೋಣ ಎನ್ನುವುದು ಪ್ರೀತಿಯ ಮಾತಾದರೂ, ಈ ಕಾಯಿಲೆಯಲ್ಲಿ ಶಸ್ತ್ರಚಿಕಿತ್ಸೆ ಆದ ಮೇಲೆಯೇ ಕೂಸು ಬೆಳೆಯುತ್ತದೆ. ಲಸಿಕೆಗಳನ್ನು ಮಾತ್ರ ನಿಲ್ಲಿಸಬೇಡಿರಿ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೆ ಪತ್ರದ ಸಾಲುಗಳ ನಡುವೆ ಆ ಚಿಂತೆ ಕಾಣುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗಾಗಿ ಇದೆ, ಹುಟ್ಟು ಹೃದಯದೋಷ ಅದರ ಪಟ್ಟಿಯಲ್ಲಿಯೇ ಇದೆ. ಊರಿನ ಆಶಾ ಕಾರ್ಯಕರ್ತೆಗೆ ಅಥವಾ ಅಂಗನವಾಡಿಯಲ್ಲಿ ಹೇಳಿದರೆ ಆ ಕಾರ್ಯಕ್ರಮದ ತಂಡಕ್ಕೆ ಸುದ್ದಿ ಮುಟ್ಟಿಸುತ್ತಾರೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ರೇಷನ್ ಕಾರ್ಡು, ಆಧಾರ್ ಜೊತೆಗೆ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಮುಂದಿನ ಆಸ್ಪತ್ರೆಗೆ ಕಾಗದ ಬರೆಸಿಕೊಳ್ಳಿರಿ.

ಇನ್ನು ಸೋದರಮಾವನ ಮಾತು. ರಕ್ತಸಂಬಂಧದ ಮದುವೆಯಲ್ಲಿ ಹುಟ್ಟು ಹೃದಯದೋಷದ ಸಾಧ್ಯತೆ ಹೆಚ್ಚುತ್ತದೆ ಎಂಬುದು ನಿಜ. ಆದರೂ ಹಾಗೆ ಮದುವೆಯಾದವರ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಹುಟ್ಟುತ್ತಾರೆ, ಸಂಬಂಧವಿಲ್ಲದ ದಂಪತಿಗಳಲ್ಲಿಯೂ ಸಾವಿರ ಹೆರಿಗೆಗೆ ಸುಮಾರು 8 ಮಕ್ಕಳಿಗೆ ಹೃದಯದೋಷ ಇರುತ್ತದೆ. ಈ ಮಗುವಿನ ಮಟ್ಟಿಗೆ ಅದೇ ಕಾರಣವೆಂದು ಯಾರೂ ಹೇಳಲಾರರು, ನಿಮ್ಮನ್ನು ನೀವು ದೂಷಿಸಿಕೊಳ್ಳಬೇಡಿರಿ. ಮುಂದಿನ ಬಸಿರಿನಲ್ಲಿ 18ರಿಂದ 22 ವಾರಗಳ ನಡುವೆ ಗರ್ಭದಲ್ಲಿನ ಮಗುವಿನ ಹೃದಯದ ಎಕೋ ಮಾಡಿಸಿರಿ.

ಪ್ರಶ್ನೆ: ನಮ್ಮ ಮಗಳಿಗೆ 12 ವರ್ಷ. ಎರಡು ವರ್ಷದ ಹಿಂದೆ ಮೊಣಕಾಲು ಬಾತು ಜ್ವರ ಬಂದಿತ್ತು. ಮೊಣಕಾಲು ಇಳಿದರೆ ಪಾದದ ಕೀಲು, ಅದು ಇಳಿದರೆ ಮೊಣಕೈ. ವಾತವೆಂದು ಎಣ್ಣೆ ತಿಕ್ಕಿಸಿದೆವು. ಕೊನೆಗೆ ಹೃದಯದ ಕವಾಟಕ್ಕೆ ಪೆಟ್ಟಾಗಿದೆ ಎಂದು 21 ದಿನಕ್ಕೊಮ್ಮೆ ಇಂಜೆಕ್ಷನ್ ಬರೆದುಕೊಟ್ಟರು. ಈಗ ಆರಾಮ ಇದ್ದಾಳೆ, ಶಾಲೆಯಲ್ಲಿ ಓಡುತ್ತಾಳೆ. ಇಂಜೆಕ್ಷನ್ ದಿನ ಬಂದರೆ ಅಳುತ್ತಾಳೆ. ನಿಲ್ಲಿಸಬಹುದೇ? ಮುಂದೆ ಮದುವೆಗೆ ತೊಂದರೆ ಆಗುತ್ತದೆಯೇ?
— ಒಬ್ಬ ತಂದೆ, ಸವಣೂರು

ಉತ್ತರ: ನಿಲ್ಲಿಸಬೇಡಿರಿ. ಮಗಳು ಆರಾಮ ಇರುವುದೇ ಆ ಇಂಜೆಕ್ಷನ್ನಿನಿಂದ.

ಈ ಕಾಯಿಲೆಯ ಮೂಲ ಗಂಟಲಿನಲ್ಲಿದೆ. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಗಂಟಲು ಕೆಟ್ಟ ಎರಡು-ಮೂರು ವಾರಗಳ ಮೇಲೆ, ಆ ರೋಗಾಣುವನ್ನು ಹೊಡೆಯಲು ದೇಹವು ತಯಾರಿಸಿದ ಶಕ್ತಿ ತಪ್ಪು ಗುರುತಿನಿಂದ ಸ್ವಂತ ಕೀಲುಗಳ ಮೇಲೂ ಹೃದಯದ ಕವಾಟಗಳ ಮೇಲೂ ತಿರುಗಿ ಬೀಳುತ್ತದೆ. ಇದನ್ನೇ ರುಮ್ಯಾಟಿಕ್ ಜ್ವರ ಎನ್ನುತ್ತೇವೆ, 5ರಿಂದ 15 ವರ್ಷದ ಮಕ್ಕಳಲ್ಲಿ ಹೆಚ್ಚು. ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಜಿಗಿಯುವುದು ಇದರ ಮುಖ್ಯ ಗುರುತು, ನಿಮ್ಮ ಪತ್ರದಲ್ಲಿ ಅದು ಅಚ್ಚುಹಾಕಿದಂತಿದೆ. ಈ ಜ್ವರ ಕೀಲನ್ನು ನೆಕ್ಕಿ ಹೃದಯವನ್ನು ಕಚ್ಚುತ್ತದೆ ಎಂದು ವೈದ್ಯರಲ್ಲಿ ಹಳೆಯ ಮಾತೊಂದಿದೆ. ಕೀಲು ಕೆಲವು ವಾರಗಳಲ್ಲಿ ಮೊದಲಿನಂತಾಗುತ್ತದೆ, ಕವಾಟದ ಗಾಯ ಉಳಿಯುತ್ತದೆ. ಪ್ರತಿ ಸಲ ಗಂಟಲು ಕೆಟ್ಟು ಜ್ವರ ಮರುಕಳಿಸಿದಾಗಲೂ ಅದೇ ಗಾಯದ ಮೇಲೆ ಇನ್ನೊಂದು ಗಾಯವಾಗಿ, ಹೃದಯದ ಎಡಬದಿಯ ಎರಡು ಕೋಣೆಗಳ ನಡುವಿನ ಮಿಟ್ರಲ್ ಕವಾಟದ ತೆಳುವಾದ ಎಸಳುಗಳು ದಪ್ಪವಾಗಿ ಅಂಚಿನಲ್ಲಿ ಅಂಟಿಕೊಳ್ಳುತ್ತವೆ. 21 ದಿನಕ್ಕೊಮ್ಮೆ ಕೊಡುವ ಬೆಂಜಥೀನ್ ಪೆನಿಸಿಲಿನ್ ಹಳೆಯ ಗಾಯವನ್ನು ಮಾಯಿಸುವ ಔಷಧಿಯಲ್ಲ, ಹೊಸ ಗಾಯ ಆಗದಂತೆ ತಡೆಯುವ ಕಾವಲು. ಔಷಧಿ ರಕ್ತದಲ್ಲಿ ಮೂರು ವಾರ ನಿಲ್ಲುತ್ತದೆ. ‘ಊರಲ್ಲಿ ಜಾತ್ರೆ ಇತ್ತು, ಹತ್ತು ದಿನ ತಡವಾಯಿತು’ ಎಂದರೆ ಆ ಹತ್ತು ದಿನ ಕಾವಲು ಇರಲಿಲ್ಲವೆಂದೇ ಲೆಕ್ಕ.

ಎಷ್ಟು ವರ್ಷ ಎಂಬುದು ಕವಾಟದ ಸ್ಥಿತಿಯ ಮೇಲೆ ನಿಂತಿದೆ. ಹೃದಯಕ್ಕೆ ಏನೂ ಆಗದಿದ್ದವರಿಗೆ ಕನಿಷ್ಠ 5 ವರ್ಷ ಅಥವಾ ಹರೆಯ ಮುಗಿಯುವವರೆಗೆ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಸಾಕು. ಕವಾಟದಲ್ಲಿ ದೋಷ ಉಳಿದವರಿಗೆ ಕನಿಷ್ಠ 10 ವರ್ಷ, ಎಷ್ಟೋ ಜನರಿಗೆ 40ರ ವಯಸ್ಸಿನವರೆಗೂ ಬೇಕಾಗುತ್ತದೆ. ನಿಮ್ಮ ಮಗಳ ಎಕೋ ವರದಿಯನ್ನು ವರ್ಷಕ್ಕೊಮ್ಮೆ ಹೋಲಿಸಿ ನೋಡಿ ನಿಮ್ಮ ವೈದ್ಯರೇ ಇದನ್ನು ನಿರ್ಧರಿಸಬೇಕು. ಅಳುವ ಮಗುವಿನ ಮುಖ ನೋಡಿದರೆ ಯಾವ ತಂದೆಗಾದರೂ ಕರುಳು ಚುರುಕ್ಕೆನ್ನುತ್ತದೆ. ನೋವು ಕಡಿಮೆ ಮಾಡಲು ಉಪಾಯಗಳಿವೆ: ಫ್ರಿಜ್ಜಿನಿಂದ ತೆಗೆದ ಔಷಧಿಯ ತಂಪು ಹೋದ ಮೇಲೆ ಹಾಕುವುದು, ಎರಡು-ಮೂರು ನಿಮಿಷ ತೆಗೆದುಕೊಂಡು ನಿಧಾನವಾಗಿ ಒತ್ತುವುದು, ಪ್ರತಿ ಸಲ ಬೇರೆ ಬದಿಗೆ ಹಾಕುವುದು. ಒಬ್ಬರೇ ನರ್ಸ್ ಅಕ್ಕನವರ ಕೈಯಲ್ಲಿ ಹಾಕಿಸಿದರೆ ಮಗುವಿನ ಅಂಜಿಕೆ ಅರ್ಧ ಕಡಿಮೆಯಾಗುವುದನ್ನು ನಾನು ಕಂಡಿದ್ದೇನೆ. ಪೆನಿಸಿಲಿನ್ ಅಲರ್ಜಿ ಅಪರೂಪವಾದರೂ ತೀವ್ರವಾಗಿರಬಲ್ಲದು. ಆದ್ದರಿಂದ ತುರ್ತು ಔಷಧಿ ಇರುವ ಆಸ್ಪತ್ರೆಯಲ್ಲಿಯೇ ಹಾಕಿಸಿ ಅರ್ಧ ಗಂಟೆ ಅಲ್ಲಿಯೇ ಕುಳಿತು ಬನ್ನಿರಿ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಎಎಸ್‌ಒ ಎಂಬ ರಕ್ತಪರೀಕ್ಷೆಯಲ್ಲಿ ಅಂಕಿ ಹೆಚ್ಚು ಬಂದಿತೆಂಬ ಒಂದೇ ಕಾರಣಕ್ಕೆ, ಕಾಲು ನೋಯುತ್ತದೆ ಎಂದ ಮಕ್ಕಳಿಗೆಲ್ಲ ವರ್ಷಗಟ್ಟಲೆ ಈ ಇಂಜೆಕ್ಷನ್ ಹಾಕಿಸುತ್ತಿರುವ ಪಾಲಕರ ಪತ್ರಗಳೂ ಬಂದಿವೆ. ಆ ಪರೀಕ್ಷೆ ಹಿಂದೆ ಗಂಟಲು ಕೆಟ್ಟಿತ್ತು ಎಂಬುದನ್ನಷ್ಟೇ ಹೇಳುತ್ತದೆ. ಕೀಲಿನ ಬಾವು, ಹೃದಯದ ಸದ್ದು, ಎಕೋ, ಇಸಿಜಿ (ಮಿಡಿತದ ವಿದ್ಯುತ್ತನ್ನು ದಾಖಲಿಸುವ ಪರೀಕ್ಷೆ) ಎಲ್ಲವನ್ನೂ ಒಟ್ಟಿಗೆ ಅಳೆಯದೆ ರುಮ್ಯಾಟಿಕ್ ಜ್ವರವೆಂದು ಹೇಳಬಾರದು.

ಮದುವೆಯ ಬಗ್ಗೆ: ಕವಾಟದ ದೋಷ ಅಲ್ಪವಾಗಿದ್ದರೆ ಆಕೆ ಮದುವೆಯಾಗಿ, ಮಕ್ಕಳನ್ನು ಹೆತ್ತು, ಎಲ್ಲರಂತೆ ಬಾಳಬಹುದು. ಆದರೆ ವಿಷಯ ಮುಚ್ಚಿಟ್ಟು ಮದುವೆ ಮಾಡಬೇಡಿರಿ. ಬಸಿರಿನಲ್ಲಿ ಮೈಯ ರಕ್ತದ ಪ್ರಮಾಣ ಸುಮಾರು 40ರಿಂದ 50 ಶೇಕಡಾ ಹೆಚ್ಚುತ್ತದೆ. ಕಿರಿದಾದ ಕವಾಟದಲ್ಲಿ ಅಷ್ಟು ರಕ್ತ ಹಾಯಲಾರದೆ ಏಳನೆಯ ತಿಂಗಳಲ್ಲಿ ಏಕಾಏಕಿ ಉಸಿರು ಕಟ್ಟಿ ಬಂದ ಬಸುರಿಯರಲ್ಲಿ, ಗಂಡನ ಮನೆಯವರಿಗೆ ಗೊತ್ತಾಗಬಾರದೆಂದು ಇಂಜೆಕ್ಷನ್ ಬಿಟ್ಟವರನ್ನು ನಾನು ನೋಡಿದ್ದೇನೆ. ಕವಾಟ ಕಿರಿದಾಗಿದ್ದರೆ ಬಸಿರಿಗೆ ಮೊದಲೇ ತೊಡೆಯ ರಕ್ತನಾಳದ ಮೂಲಕ ಬಲೂನು ಕಳುಹಿಸಿ, ಅಂಟಿದ ಎಸಳುಗಳನ್ನು ಬಿಡಿಸಬಹುದು. ಜಪಾನಿನ ಇನೋವೆ ಎಂಬ ವೈದ್ಯರು 1984ರಲ್ಲಿ ಪ್ರಕಟಿಸಿದ ಈ ವಿಧಾನದಿಂದ ಎಷ್ಟೋ ಹೆಣ್ಣುಮಕ್ಕಳು ಎದೆ ತೆರೆಯುವ ಶಸ್ತ್ರಚಿಕಿತ್ಸೆಯಿಂದ ಪಾರಾಗಿದ್ದಾರೆ. ಪೆನಿಸಿಲಿನ್ ಅನ್ನು ಬಸಿರಿನಲ್ಲಿಯೂ ಮುಂದುವರಿಸಬಹುದು.

ಪ್ರಶ್ನೆ: ನನಗೆ 37 ವರ್ಷ, ಬಟ್ಟೆ ಅಂಗಡಿಯಲ್ಲಿ ಕೆಲಸ. ದಿನಕ್ಕೆ ಏಳೆಂಟು ಗುಟ್ಕಾ ಚೀಟು ತಿನ್ನುತ್ತೇನೆ. ಹೋದ ತಿಂಗಳು ಸಂಜೆ ಮಿರ್ಚಿ ಭಜಿ ತಿಂದ ಮೇಲೆ ಎದೆ ನಡುವೆ ಉರಿ ಬಂದು ಬೆವರು ಕಿತ್ತುಕೊಂಡಿತು. ಸೋಡಾ ಕುಡಿದೆ, ಅರ್ಧ ತಾಸಿಗೆ ಇಳಿಯಿತು. ಮರುದಿನ ಇಸಿಜಿ ತೆಗೆಸಿದೆ, ನಾರ್ಮಲ್ ಬಂತು. ಈಗ ಮೆಟ್ಟಿಲು ಏರಿದರೆ ಒಮ್ಮೊಮ್ಮೆ ಅದೇ ಉರಿ ಬರುತ್ತದೆ. ಇದು ಗ್ಯಾಸೋ, ಹೃದಯವೋ?
— ಒಬ್ಬ ಓದುಗ, ಹುಬ್ಬಳ್ಳಿ

ಉತ್ತರ: ಪತ್ರದ ಕೊನೆಯ ಸಾಲೇ ನನಗೆ ಮುಖ್ಯ. ಗ್ಯಾಸ್ ಮೆಟ್ಟಿಲನ್ನು ಎಣಿಸುವುದಿಲ್ಲ. ನಡೆದರೆ ಬಂದು ನಿಂತರೆ ಇಳಿಯುವ ಉರಿ, ಬಿಗಿತ ಅಥವಾ ಭಾರ ಹೃದಯದ ರಕ್ತನಾಳ ಕಿರಿದಾಗಿರುವುದರ ಸೂಚನೆ; ಬೇರೆಯೆಂದು ಪರೀಕ್ಷೆಯಿಂದ ಖಚಿತವಾಗುವವರೆಗೆ ಹಾಗೆಯೇ ತಿಳಿಯಬೇಕು. ನಾಳೆಯೇ ಹೃದಯ ತಜ್ಞರನ್ನು ಕಾಣಿರಿ. ಕೂತಾಗಲೂ ಉರಿ ಬಂದರೆ, ಅಥವಾ ಹದಿನೈದು-ಇಪ್ಪತ್ತು ನಿಮಿಷ ಮೀರಿದರೆ, ನಾಳೆಯನ್ನೂ ಕಾಯಬೇಡಿರಿ.

ಇಸಿಜಿ ಆ ಗಳಿಗೆಯ ಚಿತ್ರ ಮಾತ್ರ. ನೋವು ಇಳಿದ ಮರುದಿನ, ಆರಾಮವಾಗಿ ಮಲಗಿದಾಗ ತೆಗೆದ ಇಸಿಜಿ ಮುಖ್ಯ ರಕ್ತನಾಳದಲ್ಲಿ ಬಹಳಷ್ಟು ತಡೆ ಇದ್ದವರಲ್ಲಿಯೂ ಸರಿಯಾಗಿಯೇ ಇರಬಹುದು. ಎಕೋ ಕೂಡ ಹೃದಯದ ಗೋಡೆ ಮತ್ತು ಕವಾಟಗಳ ಚಲನೆಯನ್ನು ತೋರಿಸುತ್ತದೆಯೇ ಹೊರತು ರಕ್ತನಾಳದ ಒಳಗಿನ ಕೊಬ್ಬನ್ನಲ್ಲ. ನಿಮ್ಮ ಲಕ್ಷಣ ಕೇಳಿದ ವೈದ್ಯರು ಓಡಿಸಿ ನೋಡುವ ಟಿಎಂಟಿ, ರಕ್ತನಾಳದ ಒಳಗನ್ನು ತೋರಿಸುವ ಸಿ.ಟಿ. ಆಂಜಿಯೋಗ್ರಾಂ ಅಥವಾ ನೇರವಾಗಿ ಆಂಜಿಯೋಗ್ರಾಂ, ಇವುಗಳಲ್ಲಿ ಯಾವುದು ಬೇಕೆಂದು ನಿರ್ಧರಿಸುತ್ತಾರೆ. ನೋವು ಇರುವಾಗಲೇ ಆಸ್ಪತ್ರೆ ಮುಟ್ಟಿದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಅದು ಸರಿಯಿದ್ದರೂ ಮತ್ತೆ ಮತ್ತೆ ತೆಗೆದು, ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಸುವ ಟ್ರೋಪೋನಿನ್ ಎಂಬ ರಕ್ತಪರೀಕ್ಷೆಯನ್ನು ಕೆಲವು ತಾಸುಗಳ ಅಂತರದಲ್ಲಿ ಎರಡು ಸಲ ಮಾಡಬೇಕು. ಮೊದಲನೆಯದು ಸರಿಯಿದೆಯೆಂದು ಎದ್ದು ಮನೆಗೆ ಹೊರಡಬೇಡಿರಿ.

ರೋಗಿಯ ಕೈ ಎಲ್ಲಿದೆ ಎಂಬುದನ್ನು ನಾನು ಮೊದಲು ನೋಡುತ್ತೇನೆ. ಒಂದು ಬೆರಳಿನಿಂದ ‘ಇಲ್ಲೇ ಚುಚ್ಚುತೈತ್ರಿ’ ಎಂದು ತೋರಿಸುವವರ ನೋವು ಹೆಚ್ಚಾಗಿ ಸ್ನಾಯುವಿನದು. ಮುಷ್ಟಿ ಕಟ್ಟಿ ಎದೆಯ ನಡುವೆ ಒತ್ತಿಕೊಂಡು, ‘ಯಾರೋ ಒಳಗ ಹಿಡಿದು ಹಿಂಡಿದಂಗ ಆಗತೈತ್ರಿ’ ಎನ್ನುವವರನ್ನು ಕೂಡಲೇ ಮಂಚಕ್ಕೆ ಮಲಗಿಸುತ್ತೇನೆ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಎಷ್ಟೋ ಸಲ ಇಷ್ಟು ಸ್ಪಷ್ಟ ಗುರುತು ಇರುವುದಿಲ್ಲ. ದವಡೆ ನೋವು, ಬೆನ್ನು ನೋವು, ಕಾರಣವಿಲ್ಲದ ಸುಸ್ತು, ತೇಕು, ಇಷ್ಟೇ ಇರಬಹುದು.

ಇಂಥ ನೋವು ಬಂದಾಗ ಬೈಕ್ ಹತ್ತಬೇಡಿರಿ, 108ಕ್ಕೆ ಕರೆ ಮಾಡಿರಿ. ಅಲರ್ಜಿ, ಹೊಟ್ಟೆಯ ಹುಣ್ಣಿನ ರಕ್ತಸ್ರಾವ ಇಲ್ಲದವರು ವೈದ್ಯರ ಅಥವಾ 108ರವರ ಸಲಹೆ ಕೇಳಿ 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಬಹುದು. ರಕ್ತನಾಳ ಹಿಗ್ಗಿಸಿ ಒತ್ತಡ ಇಳಿಸುವ, ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ಮಾತ್ರ ಬಿ.ಪಿ. ನೋಡದೆ, ಪಕ್ಕದ ಮನೆಯವರು ಕೊಟ್ಟರೆಂದು ಇಟ್ಟುಕೊಳ್ಳಬೇಡಿರಿ. ಹಿರೇಕೆರೂರಿನಂಥ ದೂರದ ಊರಿನವರು ನೇರವಾಗಿ ಹುಬ್ಬಳ್ಳಿಗೇ ಹೋಗೋಣವೆಂದು ಗಾಡಿ ಮಾಡಿಕೊಂಡು ಹೊರಟರೆ ಎರಡು ತಾಸು ದಾರಿಯಲ್ಲೇ ಕಳೆಯುತ್ತದೆ. ಹೃದಯಾಘಾತದಲ್ಲಿ ರಕ್ತನಾಳವನ್ನು ಮುಚ್ಚಿದ ಹೆಪ್ಪನ್ನು ಕರಗಿಸುವ ಔಷಧಿ ಮೊದಲ ತಾಸಿನಲ್ಲಿ ಮಾಡುವಷ್ಟು ಕೆಲಸವನ್ನು ಆರನೆಯ ತಾಸಿನಲ್ಲಿ ಮಾಡದು, 12 ತಾಸು ಮೀರಿದರೆ ಅದನ್ನು ಸಾಮಾನ್ಯವಾಗಿ ಕೊಡುವುದೂ ಇಲ್ಲ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಉದ್ದೇಶವೇ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳುಹಿಸಿ, ಟೆನೆಕ್ಟೆಪ್ಲೇಸ್ ಎಂಬ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಅಲ್ಲಿಯೇ ಉಚಿತವಾಗಿ ಕೊಡುವುದು. ಹತ್ತಿರದ ತಾಲ್ಲೂಕು ಆಸ್ಪತ್ರೆಯನ್ನು ದಾಟಿ ಹೋಗಬೇಡಿರಿ. ಆಂಜಿಯೋಗ್ರಾಂ ಮತ್ತು ಸ್ಟೆಂಟ್ (ರಕ್ತನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ) ಆಮೇಲೆ.

37ಕ್ಕೇ ಏಕೆ ಎಂದು ಕೇಳಿದರೆ, 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೆಯ ವಯಸ್ಸಿಗೆ, ಉಳಿದವರಿಗಿಂತ ಐದಾರು ವರ್ಷ ಮೊದಲೇ, ಆಗುವುದು ಕಂಡುಬಂದಿತು. ಗುಟ್ಕಾ ಹೊಗೆಯಿಲ್ಲದ್ದು, ಅದು ಬಾಯಿಗಷ್ಟೇ ಕೆಟ್ಟದ್ದು ಎಂಬ ನಂಬಿಕೆ ನಮ್ಮ ಕಡೆ ಬಹಳ. ಅದರಲ್ಲಿನ ನಿಕೋಟಿನ್ ಕೂಡ ನಾಡಿ ಮತ್ತು ಒತ್ತಡವನ್ನು ಏರಿಸುತ್ತದೆ, ಜಗಿಯುವ ತಂಬಾಕಿನಿಂದಲೂ ಹೃದಯಾಘಾತದ ಅಪಾಯ ಹೆಚ್ಚುತ್ತದೆ. ಇಂದಿನ ಚೀಟಿನಿಂದಲೇ ಬಿಡಿರಿ. ಬಿ.ಪಿ., ಸಕ್ಕರೆ, ಕೊಲೆಸ್ಟೆರಾಲ್ ಮೂರನ್ನೂ ನೋಡಿಸಿರಿ. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟೆರಾಲ್ 190 ಮೀರಿದ್ದರೆ ಅದು ಮನೆತನದಲ್ಲಿ ಹರಿದುಬಂದ ದೋಷವಿರಬಹುದು, ಆಗ ಅಣ್ಣತಮ್ಮಂದಿರನ್ನೂ ಮಕ್ಕಳನ್ನೂ ಪರೀಕ್ಷಿಸಬೇಕು.

ಪ್ರಶ್ನೆ: ತಂದೆಯವರಿಗೆ 61 ವರ್ಷ. ನಾಲ್ಕು ತಿಂಗಳ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದಾರೆ. ಹಲ್ಲು ಕೀಳಿಸಲು ರಕ್ತ ತೆಳುವಾಗಿಸುವ ಎರಡು ಮಾತ್ರೆಗಳನ್ನು ಒಂದು ವಾರ ಬಿಡಿ ಎಂದು ಪರಿಚಿತರು ಹೇಳುತ್ತಾರೆ.
— ಓದುಗರು, ಬ್ಯಾಡಗಿ

ಉತ್ತರ: ಬಿಡಬಾರದು. ಹೃದಯಾಘಾತದ ನಂತರ ಆ ಎರಡು ಮಾತ್ರೆಗಳು ಸಾಮಾನ್ಯವಾಗಿ 12 ತಿಂಗಳು ಬೇಕು. ನಡುವೆ ಬಿಟ್ಟರೆ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿ ಹಠಾತ್ ಸಾವು ಸಂಭವಿಸಬಹುದು. ಒಂದೆರಡು ಹಲ್ಲು ಕೀಳುವಾಗಿನ ರಕ್ತವನ್ನು ದಂತವೈದ್ಯರು ಹತ್ತಿ ಒತ್ತಿ, ಹೊಲಿಗೆ ಹಾಕಿ ನಿಲ್ಲಿಸಬಲ್ಲರು. ದಂತವೈದ್ಯರಿಗೆ ಸ್ಟೆಂಟಿನ ಕಾಗದ ತೋರಿಸಿರಿ, ಹೃದಯ ತಜ್ಞರನ್ನು ಫೋನಿನಲ್ಲಾದರೂ ಕೇಳಿರಿ.

ಪ್ರಶ್ನೆ: ನನ್ನ ಅಣ್ಣ 22ನೆಯ ವಯಸ್ಸಿನಲ್ಲಿ ಕಬಡ್ಡಿ ಆಡುತ್ತಿದ್ದಾಗ ಕುಸಿದು ಬಿದ್ದು ತೀರಿಕೊಂಡ. ಅವನಿಗೆ ಯಾವ ಚಟವೂ ಇರಲಿಲ್ಲ. ನನಗೆ 18, ನಾನೂ ಆಡುತ್ತೇನೆ. ಅವ್ವ ಆಡಬೇಡ ಎನ್ನುತ್ತಾಳೆ. ನಾನು ಏನು ಮಾಡಲಿ?
— ಒಬ್ಬ ವಿದ್ಯಾರ್ಥಿ, ಧಾರವಾಡ

ಉತ್ತರ: ನಿಮ್ಮ ಮನೆಯ ದುಃಖ ದೊಡ್ಡದು. ಹೃದಯದ ಪರೀಕ್ಷೆ ಮುಗಿಯುವವರೆಗೆ ಅವ್ವನ ಮಾತು ಕೇಳಿ, ಆಟ ನಿಲ್ಲಿಸು ತಮ್ಮಾ.

ಹರೆಯದವರು ಆಟದ ನಡುವೆ ಹೀಗೆ ಕುಸಿಯುವುದಕ್ಕೆ ಕೊಬ್ಬಿನ ತಡೆಗಿಂತ ಹೆಚ್ಚಾಗಿ ಹುಟ್ಟಿನಿಂದ ಬಂದ ದೋಷಗಳು ಕಾರಣವಾಗಿರುತ್ತವೆ. ಹೃದಯದ ಸ್ನಾಯು ಅತಿಯಾಗಿ ದಪ್ಪವಾಗುವ ಕಾಯಿಲೆ ಅವುಗಳಲ್ಲಿ ಮುಖ್ಯವಾದದ್ದು. ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದೆ, ತಂದೆ ಅಥವಾ ತಾಯಿಯಲ್ಲಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಇನ್ನು ಕೆಲವು ದೋಷಗಳಲ್ಲಿ ಹೃದಯ ನೋಡಲು ಸರಿಯಾಗಿಯೇ ಇದ್ದು, ಮಿಡಿತದ ವಿದ್ಯುತ್ ಸಂಚಾರ ಮಾತ್ರ ತಪ್ಪಿರುತ್ತದೆ. ಮೊದಲನೆಯದನ್ನು ಎಕೋ, ಎರಡನೆಯದನ್ನು ಇಸಿಜಿ ತೋರಿಸಬಲ್ಲವು. ಆದ್ದರಿಂದ ನೀನು ಮಾತ್ರವಲ್ಲ, ತಂದೆ, ತಾಯಿ, ಒಡಹುಟ್ಟಿದವರು ಎಲ್ಲರೂ ಎರಡನ್ನೂ ಮಾಡಿಸಬೇಕು. ಹೋಗುವಾಗ ಅಣ್ಣನ ಹಳೆಯ ವರದಿಗಳು, ಮರಣೋತ್ತರ ಪರೀಕ್ಷೆ ಆಗಿದ್ದರೆ ಅದರ ಪ್ರತಿ, ಮತ್ತು ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಹೋದವರ ಪಟ್ಟಿ ಒಯ್ಯಿರಿ. ನೀರಿನಲ್ಲಿ ಮುಳುಗಿ ಸತ್ತ ಈಜು ಬಲ್ಲ ಕಾಕಾ, ಮೂರ್ಛೆ ರೋಗವೆಂದು ತಿಳಿದಿದ್ದ ಅತ್ತೆಯ ಮಗ, ಇಂಥವರನ್ನೂ ಬರೆಯಿರಿ. ಮಿಡಿತದ ದೋಷ ಎಷ್ಟೋ ಸಲ ಈ ರೂಪದಲ್ಲಿ ಬಂದಿರುತ್ತದೆ. ನಿನಗೆ ಆಟದ ನಡುವೆ ಯಾವಾಗಲಾದರೂ ಕಣ್ಣು ಕತ್ತಲೆ ಬಂದಿದ್ದರೆ ಮುಚ್ಚಿಡದೆ ಹೇಳು.

ದೋಷ ಕಂಡುಬಂದರೂ ಮಾತ್ರೆಗಳಿವೆ, ಅಪಾಯ ಹೆಚ್ಚಿದ್ದವರಿಗೆ ಭುಜದ ಕೆಳಗೆ ಚರ್ಮದಡಿ ಇಡುವ, ಮಿಡಿತ ತಪ್ಪಿದ ಕೂಡಲೇ ವಿದ್ಯುತ್ ಕೊಟ್ಟು ಸರಿಪಡಿಸುವ ಐಸಿಡಿ ಎಂಬ ಸಾಧನವಿದೆ. ಎಲ್ಲವೂ ಸರಿಯಿದ್ದರೆ ಮತ್ತೆ ಆಡಬಹುದೇ, ಪರೀಕ್ಷೆಯನ್ನು ಎಷ್ಟು ವರ್ಷಕ್ಕೊಮ್ಮೆ ಮರಳಿ ಮಾಡಿಸಬೇಕು ಎಂಬುದನ್ನು ತಜ್ಞರಿಂದ ಬರೆಸಿಕೊ, ಏಕೆಂದರೆ ಸ್ನಾಯು ದಪ್ಪವಾಗುವ ಕಾಯಿಲೆ ಕೆಲವರಲ್ಲಿ ಹರೆಯ ದಾಟುತ್ತ ಕಾಣಿಸಿಕೊಳ್ಳುತ್ತದೆ. ನಿಮ್ಮ ತಂಡದ ಗೆಳೆಯರೆಲ್ಲರೂ ಎದೆ ಒತ್ತುವುದನ್ನು ಕಲಿಯಿರಿ. ಕುಸಿದು ಬಿದ್ದವರು ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ನೀರು ಚಿಮುಕಿಸುತ್ತ, ಈರುಳ್ಳಿ ಮೂಸಿಸುತ್ತ ನಿಲ್ಲದೆ, ಒಬ್ಬರು 108ಕ್ಕೆ ಕರೆ ಮಾಡಬೇಕು, ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದು ಇಟ್ಟು, ಮೊಣಕೈ ಮಡಿಸದೆ, ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಕೈ ಸೋತರೆ ಮತ್ತೊಬ್ಬರು ಮುಂದುವರಿಸಿ, ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬಾರದು.